ಹೆಸರು ಕೇಳದೆ ಬಡಿಸಿದ ಊಟ

ಚಾಮರಾಜಪೇಟೆಯ ಸುಗುಣಮ್ಮ ಇಪ್ಪತ್ತು ವರ್ಷಗಳಿಂದ ಚರ್ಚಿನಲ್ಲಿ ಮಕ್ಕಳಿಗೆ ಭಾನುವಾರದ ಕ್ಲಾಸು ತೆಗೆದುಕೊಳ್ಳುತ್ತಿದ್ದರು. ಆ ಭಾನುವಾರದ ಪಾಠ ಅಬ್ರಹಾಮನದು. ಸುಡುಬಿಸಿಲಿನಲ್ಲಿ ಗುಡಾರದ ಬಾಗಿಲಲ್ಲಿ ಕೂತಿದ್ದ ಮುದುಕ, ಗುರುತಿಲ್ಲದ ಮೂವರನ್ನು ಕಂಡು ಎದ್ದು ಓಡಿಹೋಗಿ ಕರೆತಂದು, ಕಾಲಿಗೆ ನೀರು ಕೊಟ್ಟು, ಹೊಟ್ಟೆ ತುಂಬ ಉಣ್ಣಿಸಿದ ಕಥೆ. ಬಂದವರು ದೇವರ ಕಡೆಯವರೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಯಾರು ನೀವು, ಯಾವೂರು ಅಂತ ಅವ್ನು ಕೇಳ್ಲಿಲ್ಲ ನೋಡಿ. ಮೊದ್ಲು ನೀರು, ಆಮೇಲೆ ಊಟ, ಆಮೇಲೆ ಮಾತು," ಎಂದು ಮಕ್ಕಳಿಗೆ ಒತ್ತಿ ಹೇಳಿ ಮನೆಗೆ ಬಂದಿದ್ದರು.

ಮಟನ್ ಸಾರು ಕುದಿಸಿ ಮುದ್ದೆ ತಿರುವುತ್ತಿದ್ದಾಗ ಗೇಟು ಸದ್ದಾಯಿತು. ಹೊರಗೆ ಗರಿ ಗರಿ ಪಂಚೆಯುಟ್ಟ ಹಿರಿಯರು, ಹಣ್ಣಿನ ಚೀಲ ಹಿಡಿದ ಅವರ ಹೆಂಡತಿ, ಇಸ್ತ್ರಿ ಮಾಡಿದ ಶರ್ಟಿನ ಮಗ. ಮೂವರೂ ಬೆವರಿನಲ್ಲಿ ತೊಯ್ದಿದ್ದರು.

"ಮಾಗಡಿ ಕಡೆಯವ್ರು ತಾಯಿ. ಮನೆ ಹುಡುಕಿ ಹುಡುಕಿ ಸಾಕಾಗೋಯ್ತು," ಎಂದರು ಹಿರಿಯರು.

ಬೆಳಗಿನ ಪಾಠ ಇನ್ನೂ ಬಾಯಲ್ಲೇ ಇತ್ತು. ಸುಗುಣಮ್ಮ ಬೇರೇನೂ ಕೇಳದೆ, "ಮೊದ್ಲು ಒಳಗೆ ಬನ್ನಿ," ಎಂದು ಗೇಟು ತೆರೆದರು. ಕಾಲಿಗೆ ನೀರು ಕೊಟ್ಟು, ಕುಡಿಯಲು ಮಜ್ಜಿಗೆ ಕೊಟ್ಟರು. ಕೇಳಿದ್ದು ಒಂದೇ ಪ್ರಶ್ನೆ: "ಮಾಂಸ ತಿಂತೀರಾ?"

"ವಾಸ್ನೆ ಬೀದಿಗೇ ಬರ್ತಿತ್ತಲ್ಲಮ್ಮ!" ಎಂದು ಹಿರಿಯರು ನಕ್ಕರು.

ಅಡುಗೆಮನೆಯಲ್ಲಿ ಗಂಡ ಕರುಣಾಕರ ಪಿಸುಗುಟ್ಟಿದರು. "ಯಾರೇ ಇವ್ರು?"

"ಗೊತ್ತಿಲ್ಲ."

"ಗೊತ್ತಿಲ್ದೇನೆ ಮಟನ್ ಬಡಿಸ್ತಿದೀಯಾ? ನಂಗೇನು ಉಳಿಯುತ್ತೆ?"

"ಮೊಸರಿದೆ."

ಪಾತ್ರೆ ಖಾಲಿಯಾಯಿತು. ಉಣ್ಣುತ್ತಿದ್ದ ಹೆಂಗಸು ಗೋಡೆಯ ಮೇಲಿನ ಶಿಲುಬೆಯನ್ನು ನೋಡಿ ಗಂಡನನ್ನು ಮೊಣಕೈಯಿಂದ ತಿವಿದರು. ಅವರು ತಲೆಯೆತ್ತದೆ, "ಕೈರುಚಿ ನೋಡು ಪಿಳ್ಳಮ್ಮ, ಸುಮ್ನಿರು," ಎಂದರು.

ಕೈತೊಳೆದು ಕೂತ ಮೇಲೆ ಪಿಳ್ಳಮ್ಮ ಸೆರಗು ಸರಿಮಾಡಿಕೊಂಡು, "ಊಟ ಭಾಳ ಚೆನ್ನಾಗಿತ್ತು. ಈಗ ಮಗಳನ್ನ ಕರೀರಿ, ನೋಡೋಣ," ಎಂದರು.

"ಮಗಳಾ? ನಮಗೆ ಮಕ್ಕಳೇ ಇಲ್ವಲ್ಲಮ್ಮ."

ಮಗ ನಿಶಾಂತ್ ಜೇಬಿನಿಂದ ಚೀಟಿ ತೆಗೆದು ನೋಡಿ ಬಿಳಿಚಿಕೊಂಡ. "ಅಪ್ಪಾ, ಮನೆ ನಂಬರ್ ಇದೇ. ಆದ್ರೆ ಶಂಕರಪುರಂ ಅಂತಿದೆ."

"ಅಯ್ಯಯ್ಯೋ! ಹೆಣ್ಣು ನೋಡೋಕೆ ಬಂದು ಯಾರ್ದೋ ಮನೇಲಿ ಉಂಡುಬಿಟ್ವಲ್ಲಾ!" ಅಪ್ಪ ದೊಡ್ಡಬೈರಪ್ಪ ತಲೆಯ ಮೇಲೆ ಕೈಹೊತ್ತು ಕೂತರು. "ಮೊದ್ಲೇ ಯಾರು ಅಂತ ಕೇಳ್ಬಾರ್ದಾಗಿತ್ತಾ ತಾಯಿ?"

ಸುಗುಣಮ್ಮ ಬಾಯಿ ತೆರೆಯುವ ಮೊದಲೇ ಕರುಣಾಕರ ನಗತೊಡಗಿದರು. ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರನ್ನು ನೋಡಿ ಪಿಳ್ಳಮ್ಮನೂ ನಕ್ಕರು. ಕೊನೆಗೆ ದೊಡ್ಡಬೈರಪ್ಪನವರ ಮೀಸೆಯೂ ಅಲುಗಿತು.

"ಏಳಿ, ಶಂಕರಪುರಂ ಇಲ್ಲೇ ಇದೆ. ತೋರಿಸ್ತೀನಿ," ಎಂದು ಸುಗುಣಮ್ಮ ಚಪ್ಪಲಿ ಮೆಟ್ಟಿದರು. ಕರುಣಾಕರರೂ ಹೊರಟರು. "ಅಲ್ಲಿ ಕೇಸರಿಬಾತಾದ್ರೂ ಸಿಗುತ್ತೆ," ಎಂಬುದು ಅವರ ಲೆಕ್ಕ.

ಶಂಕರಪುರದ ಮನೆಯವರು ಕಾದು ಕಾದು ಗಾಬರಿಯಾಗಿದ್ದರು. ತಟ್ಟೆಗಳು ಬಂದವು. ಗಂಡಿನ ಕಡೆಯವರು ಮುಟ್ಟಲಿಲ್ಲ. ಹುಡುಗಿಯ ತಾಯಿಯ ಮುಖ ಸಣ್ಣಗಾಯಿತು. ಆಗ ಸುಗುಣಮ್ಮ, "ತಪ್ಪು ನಂದು," ಎಂದು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು. ಹೇಳುತ್ತಿರುವಾಗಲೇ ಪಕ್ಕದಲ್ಲಿ ಕರುಣಾಕರ ಗಂಡಿನ ಕಡೆಯವರ ಪರವಾಗಿ ಎರಡನೇ ತಟ್ಟೆ ಮುಗಿಸುತ್ತಿದ್ದರು.

ತಲೆ ತಗ್ಗಿಸಿ ಕೂತಿದ್ದ ಹುಡುಗಿ ಪೂಜಿತಾಗೆ ಅದನ್ನು ಕಂಡು ತಡೆಯಲಾಗಲಿಲ್ಲ. ಕಿಸಕ್ಕನೆ ನಕ್ಕಳು. "ಮಟನ್ ಹೇಗಿತ್ತು?" ಎಂದು ನಿಶಾಂತನನ್ನೇ ಕೇಳಿದಳು.

"ಇನ್ನೊಂದು ಮುದ್ದೆ ಕೇಳೋಕೆ ನಾಚಿಕೆ ಆಯ್ತು," ಎಂದ ಅವನು.

ಆಮೇಲೆ ಅವರಿಬ್ಬರ ಮಾತು ನಿಲ್ಲಲೇ ಇಲ್ಲ. ಹಿರಿಯರು ದಿನ ನೋಡತೊಡಗಿದರು.

ಮೂರು ತಿಂಗಳ ಮೇಲೆ ಮದುವೆ. ಸುಗುಣಮ್ಮ, ಕರುಣಾಕರ ಒಳಬರುತ್ತಲೇ ದೊಡ್ಡಬೈರಪ್ಪ ಎಲ್ಲರನ್ನೂ ಸರಿಸಿಕೊಂಡು ಎದುರು ಬಂದು, ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು.

"ಇವ್ರು ಹೆಣ್ಣಿನ ಕಡೆಯವ್ರಾ, ಗಂಡಿನ ಕಡೆಯವ್ರಾ?" ಎಂದು ಯಾರೋ ಕೇಳಿದರು.

"ಎರಡೂ ಅಲ್ಲ ಕಣಯ್ಯಾ," ದೊಡ್ಡಬೈರಪ್ಪ ಹೆಮ್ಮೆಯಿಂದ ಹೇಳಿದರು, "ಇವ್ರು ನಾವು ಮೊದ್ಲು ನೋಡಿದ ಬೀಗರು!"