ಬರಹದ ಕೆಳಗಿನ ಹೆಸರು

ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ ಹೊಲಿಯುವ ಬಗ್ಗೆ ನಾನು ಬ್ಲಾಗಿನಲ್ಲಿ ಬರೆದದ್ದನ್ನು ಓದಿ ಗಿರಾಕಿಯೊಬ್ಬಳು ನನ್ನ ಟೈಲರ್ ಅಂಗಡಿಗೇ ಬಂದಳು. "ನಿಮ್ಮ ಯಜಮಾನ್ರು ಎಷ್ಟು ಚೆನ್ನಾಗಿ ಬರೀತಾರೆ ಮೇಡಂ," ಅಂದಳು. ನಮ್ಮ ಯಜಮಾನರಿಗೆ ಒಂದು ಗುಂಡಿ ಹೊಲಿಯಲೂ ಬರುವುದಿಲ್ಲ.

ಬ್ಲಾಗು ಶುರುವಾಗಿ ಎರಡು ವರ್ಷ. ನಾನು ಒಳಗಿನ ಪುಟದಲ್ಲಿ ಬರೆದು 'ಪ್ರಕಟಿಸು' ಒತ್ತಿ ಹೊಲಿಗೆಗೆ ಕೂರುತ್ತೇನೆ. ಹೊರಗೆ ಅದು ಹೇಗೆ ಕಾಣಬೇಕೆಂದು ನೋಡಿಕೊಳ್ಳುವುದು ಯಜಮಾನರ ಕೆಲಸ. ಅವತ್ತು ಮಧ್ಯಾಹ್ನ ಮೊದಲ ಸಲ ಹೊರಗಿನಿಂದ ನೋಡಿದೆ. ಪ್ರತಿ ಬರಹದ ಕೆಳಗೂ ಅವರ ಹೆಸರು. ಸೆಟ್ಟಿಂಗ್ಸ್ ತೆರೆದರೆ ಅಲ್ಲಿ ಲೇಖಕಿ ನಾನೇ. ತಲೆ ಕೆಟ್ಟುಹೋಯಿತು.

ಬ್ಲಾಗಿನ ಹೊರರೂಪ ನಿರ್ಧರಿಸುವ ಥೀಮಿನ ಫೈಲುಗಳಿಗೆ ಕೈ ಹಾಕಿದೆ. ಹೆಸರು ಕೆಳಗಿದೆಯಲ್ಲ ಎಂದು ಪುಟದ ಅಡಿಭಾಗದ ಫೈಲಿನಲ್ಲಿ ಹುಡುಕಿದೆ. ಇರಲಿಲ್ಲ. ತಲೆಭಾಗದ ಫೈಲಿನಲ್ಲೂ ಇಲ್ಲ. ನಡುವೆ ಯಾವುದೋ ಬ್ರಾಕೆಟ್ ಅಳಿಸಿಹೋಗಿ ಇಡೀ ಬ್ಲಾಗು ಬೆಳ್ಳಗೆ ಖಾಲಿಯಾಯಿತು. ಜೀವ ಬಾಯಿಗೆ ಬಂತು. ಅಳಿಸಿದ್ದನ್ನು ವಾಪಸ್ ಹಾಕಿದ ಮೇಲೆ ಉಸಿರಾಡಿದೆ.

ಕೊನೆಗೆ ಒಂಟಿ ಲೇಖನ ತೋರಿಸುವ ಫೈಲಿನಲ್ಲಿ ಸಿಕ್ಕಿತು. ಶೀರ್ಷಿಕೆ, ತಾರೀಖು ಎಲ್ಲವನ್ನೂ ಕೋಡು ತಾನಾಗಿಯೇ ತರುತ್ತದೆ. ಲೇಖಕರ ಹೆಸರು ತರುವ ಸಾಲಿನ ಮುಂದೆ ಮಾತ್ರ ಎರಡು ಓರೆಗೆರೆ ಎಳೆದು ಅದನ್ನು ಕೆಲಸ ಮಾಡದಂತೆ ಮಾಡಲಾಗಿತ್ತು. ಅದರ ಕೆಳಗೆ ಅವರ ಹೆಸರು, ಕೈಯಿಂದ ಟೈಪ್ ಮಾಡಿದ್ದು.

ಅಷ್ಟರಲ್ಲಿ ಅವರೇ ಬಂದರು. "ಏನು ಕೆದಕ್ತಿದೀಯ? ಕೆಟ್ರೆ ಆಮೇಲೆ ನನ್ನ ತಲೆಗೇ ಬರುತ್ತೆ."

"ಇಲ್ಲಿ ನಿಮ್ಮ ಹೆಸರು ಯಾಕಿದೆ?"

ಕನ್ನಡಕ ಸರಿಮಾಡಿಕೊಂಡು ನೋಡಿದರು. "ಥೀಮ್ ಜೊತೆನೇ ಬಂದಿರ್ಬೇಕು."

ಒಂದು ಕ್ಷಣ ನಂಬಿಯೇಬಿಟ್ಟೆ. ಆಮೇಲೆ, ಎಲ್ಲೋ ಕೂತು ಥೀಮ್ ಮಾಡಿದವನಿಗೆ ನನ್ನ ಗಂಡನ ಹೆಸರು ಹೇಗೆ ಗೊತ್ತಾಯಿತು ಎಂದು ಯೋಚನೆಯಾಯಿತು. ಅವರ ಮುಖದಲ್ಲಿ ಕಳ್ಳತನವೂ ಕಾಣಲಿಲ್ಲ, ನಾಚಿಕೆಯೂ ಕಾಣಲಿಲ್ಲ. ಬೇಕೆಂದೇ ಮಾಡಿದರೋ, ಮಾಡಿ ಮರೆತರೋ, ಮಾಡಿದ್ದು ತಪ್ಪೆಂದೇ ಹೊಳೆಯಲಿಲ್ಲವೋ, ನನಗೆ ಬಗೆಹರಿಯಲಿಲ್ಲ. ಸಿಟ್ಟು ಬಂದಿತ್ತು. ಯಾವುದರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ.

ಓರೆಗೆರೆಗಳನ್ನು ಅಳಿಸಿದೆ. ಅವರ ಹೆಸರನ್ನೂ ಅಳಿಸಿದೆ. 'ಉಳಿಸು' ಒತ್ತಿ ಪುಟವನ್ನು ಮತ್ತೆ ತೆರೆದೆ. ಕಾಲರಿನ ಬರಹದ ಕೆಳಗೆ ನನ್ನ ಹೆಸರು ಬಂತು.

ಅವರು ಬಗ್ಗಿ ಅದನ್ನು ನಿಧಾನವಾಗಿ ಓದಿದರು.

"ಓದೋರಿಗೆ ಗೊಂದಲ ಆಗುತ್ತೆ ಕಣೇ. ಇದ್ಯಾರು ಅಂತ ಕೇಳ್ತಾರೆ."

"ಕೇಳಿದ್ರೆ ನೀವೇ ಹೇಳಿ," ಅಂದೆ.