ಮೀನಿನ ಗುರುತು

ನಾನು ಮರಳುಗಾಡಿನ ಒಂದು ಕಂಬದ ಕಲ್ಲು. ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಕಲ್ಲುಕುಟಿಗ ನನ್ನನ್ನು ಗುಡ್ಡದಿಂದ ಬಿಡಿಸಿ, ದುಂಡಗೆ ಕಡೆದು, ತಳದ ಅಂಚಿನಲ್ಲಿ ಒಂದು ಪುಟ್ಟ ಮೀನು ಕೊರೆದ. ನನ್ನ ಕೆಳಗೆ ಕೂರಬೇಕಾದ ಕಲ್ಲಿನ ನೆತ್ತಿಯ ಮೇಲೂ ಅದೇ ಮೀನು. ಯಾವುದರ ಮೇಲೆ ಯಾವುದು ಎಂದು ಏರಿಸುವವರಿಗೆ ತಿಳಿಯಲಿ ಎಂಬುದು ಅವರ ಪದ್ಧತಿ. ಮೀನಿಗೆ ಮೀನು ಸೇರಿಸಿ ನಿಲ್ಲಿಸಿದರು. ಆಮೇಲೆ ಆ ಗುರುತನ್ನು ಯಾರೂ ನೋಡಲಿಲ್ಲ.

ರಾಜರು ಬಂದರು, ಹೋದರು. ಒಂಟೆಗಳು ನಮ್ಮ ಬುಡಕ್ಕೆ ಮೈ ಉಜ್ಜಿಕೊಂಡವು. ಅವರ್ಯಾರ ಮೇಲೂ ನನಗೆ ದೂರಿಲ್ಲ. ಕೊನೆಗೆ ಯುದ್ಧ ಬಂತು. ಒಬ್ಬರು ನಮ್ಮ ಮರೆಯಲ್ಲಿ ಫಿರಂಗಿ ಇಟ್ಟರು, ಇನ್ನೊಬ್ಬರು ಅದಕ್ಕೆ ಗುರಿಯಿಟ್ಟರು. ಅವರ ಜಗಳದಲ್ಲಿ ನಮ್ಮದೇನಿತ್ತು? ಒಂದು ಬೆಳಿಗ್ಗೆ ಕಂಬಗಳ ಇಡೀ ಸಾಲು ನೆಲಕ್ಕುರುಳಿತು.

ಯುದ್ಧ ನಿಂತ ಮೇಲೆ ಹಳೆಯ ಕಾವಲುಗಾರ ಇದ್ರೀಸ್ ಮರಳಿ ಬಂದ. ಬಿದ್ದ ಕಲ್ಲುಗಳ ತಳ ತಡವಿ, ಗುರುತಿಗೆ ಗುರುತು ಹುಡುಕಿ, ಸೀಮೆಸುಣ್ಣದಿಂದ ಅಂಕಿ ಬರೆಯತೊಡಗಿದ. ಜೋಡಿ ಸಿಕ್ಕ ಕಲ್ಲನ್ನಷ್ಟೇ ಮತ್ತೆ ಎತ್ತಿ ನಿಲ್ಲಿಸುವುದೆಂದು ಮೇಲಿನವರು ಹೇಳಿದ್ದರು. ಸಾಲಿನ ಆಚೆ ತುದಿಯಲ್ಲಿ ನನ್ನ ಜೋಡಿಯ ಮೀನನ್ನು ಅವನು ಆಗಲೇ ಕಂಡಿದ್ದ. ಮರುದಿನ ನನ್ನ ಸರದಿ.

ಅಷ್ಟರಲ್ಲಿ ಪ್ರವಾಸಿಗರು ಬಂದರು. ಬಾಗಲಕೋಟೆಯ ಈರಸಂಗಪ್ಪ ನನ್ನ ಮೇಲೆ ಅಂಡೂರಿ ಫೋಟೊ ತೆಗೆಸಿಕೊಂಡ. ಏಳುವಾಗ ಬಿರುಕುಬಿಟ್ಟ ಅಂಚು ಮೀನಿನ ಸಮೇತ ಅವನ ಕೈಗೆ ಬಂತು. ಅದನ್ನು ಕರವಸ್ತ್ರದಲ್ಲಿ ಸುತ್ತಿದ.

“ಅಲ್ಲೇ ಇಡ್ರಿ ಅದನ್ನ. ನಮ್ಮ ಬದಾಮಿಯೊಳಗ ಯಾರರ ಹಿಂಗ ಮಾಡಿದ್ರ ಸುಮ್ನಿರ್ತಿದ್ರೇನು?” ಎಂದಳು ಹೆಂಡತಿ ನೀಲವ್ವ.

“ಇಷ್ಟೆಲ್ಲಾ ಒಡದು ಹಾಕ್ಯಾರ, ಇದೊಂದು ಚೂರು ಒಯ್ದರ ಏನಾಕ್ಕೈತಿ?” ಎಂದು ಅವನು ಜೇಬಿಗಿಳಿಸಿದ. ಮನೆಯ ಶೋಕೇಸಿನಲ್ಲಿ ಇಡುತ್ತಾನಂತೆ.

ಏನಾಗುತ್ತದೆಯೇ? ಹೇಳುತ್ತೇನೆ ಕೇಳಿ. ಮರುದಿನ ಇದ್ರೀಸ್ ನನ್ನ ಬಳಿ ಮಂಡಿಯೂರಿ ತಳವನ್ನೆಲ್ಲ ತಡವಿದ. ಹೊಸ ಗಾಯದ ಮೇಲೆ ಅವನ ಬೆರಳು ನಿಂತಿತು. ಸೀಮೆಸುಣ್ಣ ತೆಗೆದು ನನ್ನ ಬೆನ್ನ ಮೇಲೆ ‘ಜಾಗ ಗೊತ್ತಿಲ್ಲ’ ಎಂದು ಬರೆದ. ನನ್ನನ್ನು ಮೂಲೆಯ ಕಲ್ಲುರಾಶಿಗೆ ಉರುಳಿಸಿದರು.

ನನಗೆ ಗೊತ್ತಿದೆ ಮಾರಾಯ, ಬಾಯಿಲ್ಲ ಅಷ್ಟೇ. ನನ್ನ ಜೋಡಿ ನೆತ್ತಿಯ ಮೀನನ್ನು ಬಿಸಿಲಿಗೊಡ್ಡಿ ಅಲ್ಲಿ ಕಾದಿದೆ, ಇಲ್ಲಿಂದಲೇ ಕಾಣುತ್ತದೆ. ನನ್ನ ಮೀನು ಬಾಗಲಕೋಟೆಯಲ್ಲಿ ಗಾಜಿನ ಹಿಂದಿದೆ. ಬಂದವರಿಗೆಲ್ಲ ಈರಸಂಗಪ್ಪ ಹೇಳುತ್ತಿರಬೇಕು, ಇದು ಯುದ್ಧದಲ್ಲಿ ಹಾಳಾದದ್ದು ಎಂದು.