ಆಟಿ ಹದಿನೆಂಟರ ಪಾಯಸಕ್ಕೆ ಬೀಟ್ರೂಟ್ ಎಂದು ಹೆಸರಿಟ್ಟದ್ದು

೧

ಈ ಕಥೆಯನ್ನು ತಟ್ಟೆಯಿಂದ ಶುರು ಮಾಡಬೇಕೋ ಮೋನಿಷಾಳಿಂದಲೋ ಎಂದು ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ತಟ್ಟೆ ನನ್ನದು. ಅದರಲ್ಲಿ ಏನಿರಬೇಕು ಎಂದು ಹೇಳುವವಳು ಅವಳು. ಮೊದಲ ವಾಕ್ಯವನ್ನೂ ಅವಳಿಗೇ ಬಿಟ್ಟುಕೊಟ್ಟರೆ ನನಗೆ ಉಳಿಯುವುದು ಪಾತ್ರೆ ತೊಳೆಯುವುದೊಂದೇ. ಹಾಗಾಗಿ ತಟ್ಟೆ.

ಮಧ್ಯಾಹ್ನ ಒಂದೂಕಾಲು, ಗೋಣಿಕೊಪ್ಪಲಿನ ನಮ್ಮ ಮನೆ. ತಟ್ಟೆಯಲ್ಲಿ ಅರ್ಧ ಭಾಗ ಪಲ್ಯ, ಕಾಲು ಭಾಗ ಅನ್ನ, ಉಳಿದ ಕಾಲು ಹೆಸರುಕಾಳು. ನನ್ನ ಗಂಡ ನಿರಂಜನ್ ಕೈ ತೊಳೆದು ಬಂದು, ಕುರ್ಚಿ ಎಳೆದು ಕೂತು, ಉಣ್ಣುವ ಮೊದಲು ಫೋಟೋ ತೆಗೆಯುತ್ತಾರೆ. ಅದು ಮಡಿಕೇರಿಯ ಕ್ಲಿನಿಕ್ಕಿನ ಡಯಟೀಷಿಯನ್ ಮೋನಿಷಾಗೆ ಹೋಗುತ್ತದೆ. ಅಲ್ಲಿಂದ "ಸೂಪರ್ ಅಂಕಲ್" ಎಂದು ಬಂದ ಮೇಲೆಯೇ ಮೊದಲ ತುತ್ತು.

(ಪಲ್ಯ ಮಾಡಿದವಳು ನಾನು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನಗೆ ಒಂದೂ ಸೂಪರ್ ಸಿಕ್ಕಿಲ್ಲ. ಓದುಗರೇ, ಇದಕ್ಕೊಂದು ಗುರುತು ಹಾಕಿಕೊಳ್ಳಿ.)

೨

ನಿರಂಜನ್ ಎಸ್ಟೇಟಿನಲ್ಲಿ ರೈಟರ್, ಅಂದರೆ ಕೆಲಸಗಾರರ ಹಾಜರಿ ಬರೆಯುವವರು. ನಾನು ಕಥೆ ಬರೆಯುವವಳು, ಆದರೂ ನಮ್ಮ ಬೀದಿಯಲ್ಲಿ ರೈಟರ್ ಎಂದರೆ ಅವರೇ. (ಹೌದು, ಅದಕ್ಕೂ ನನಗೆ ಹೊಟ್ಟೆಯುರಿ ಉಂಟು.) ಏಪ್ರಿಲ್‌ನಲ್ಲಿ ಅವರಿಗೆ ಶುಗರ್ ಇದೆ ಎಂದು ಗೊತ್ತಾಯಿತು. ಅಂದಿನಿಂದ ಅವರೇ ದಿನಕ್ಕೆ ಮೂರು ಹೊತ್ತು ಮೋನಿಷಾಗೆ ಹಾಜರಿ ಹಾಕುತ್ತಿದ್ದಾರೆ.

೩

ಮೊದಲ ಡ್ರಾಫ್ಟ್: "ಕಡುಗೆಂಪು ಲಿಪ್‌ಸ್ಟಿಕ್ ಹಚ್ಚಿದ ಆ ಹುಡುಗಿ ನಕ್ಕಾಗ..."

"ಆಂಟಿ, ನಾನು ಲಿಪ್‌ಸ್ಟಿಕ್ ಹಾಕಲ್ಲ," ಎಂದಳು ಮೋನಿಷಾ, ಹಾಳೆಯ ಒಳಗಿನಿಂದಲೇ. "ಮತ್ತೆ ನಾನು ಹೇಳಿದ್ರಲ್ಲಿ ತಪ್ಪೇನಿದೆ? ತರಕಾರಿ ಜಾಸ್ತಿ, ಅನ್ನ ಕಮ್ಮಿ, ಕಾಫಿಗೆ ಸಕ್ಕರೆ ಬೇಡ, ಊಟ ಆದ್ಮೇಲೆ ಹತ್ತು ನಿಮಿಷ ನಡೀರಿ. ಅಷ್ಟೇ ತಾನೆ?"

"ತಪ್ಪಿಲ್ಲಮ್ಮ. ಇದನ್ನೇ ನಾನು ಹದಿನೈದು ವರ್ಷದಿಂದ ಹೇಳ್ತಾ ಇದ್ದೇನೆ. ಅದೇ ತೊಂದರೆ."

ನಾನು ಹೇಳಿದರೆ ಕೊರೆತ, ಅವಳು ಹೇಳಿದರೆ ಡಯಟ್ ಪ್ಲಾನ್. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ? ಅವಳ ಮಾತು ಕೇಳಿ ಇವರ ಶುಗರ್ ನಿಜಕ್ಕೂ ಇಳಿಯಿತು. ಹೆಂಡತಿಯಾದವಳು ಸಂತೋಷಪಡಬೇಕು. ಪಟ್ಟೆ, ಕಾಲು ತಟ್ಟೆಯಷ್ಟು.

ಲಿಪ್‌ಸ್ಟಿಕ್ ಹೊಡೆದುಹಾಕಿದ್ದೇನೆ.

೫

(ನಾಲ್ಕನೆಯದನ್ನು ಹರಿದೆ. ಅದರಲ್ಲಿ ನಾನು ಅತ್ತಿದ್ದೆ.)

ಜುಲೈ-ಆಗಸ್ಟ್ ನಡುವೆ ಬರುವ ಆಟಿ ತಿಂಗಳ ಹದಿನೆಂಟನೇ ದಿನ ಬೇಲಿಯ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ನೀರಿಗೆ ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡುತ್ತೇವೆ. ತಿಂದವರ ಮೂತ್ರ ಮರುದಿನ ಕೆಂಪಗೆ ಹೋಗುತ್ತದೆ. ಹಾಗೆ ಹೋದರೆ ಮದ್ದು ಮೈಗೆ ಹತ್ತಿತೆಂದು ಹಿರಿಯರಿಗೆ ಸಮಾಧಾನ.

ಈ ಸಲವೂ ಮಾಡಿದೆ. ಒಂದು ಸಣ್ಣ ಬಟ್ಟಲು ಮಾತ್ರ ಅವರ ಮುಂದಿಟ್ಟೆ. ಅವರು ಅದರ ಫೋಟೋ ಕಳಿಸಿದರು. "ಬೆಲ್ಲ ಇದ್ರೆ ಸ್ಟ್ರಿಕ್ಟ್ಲಿ ಬೇಡ ಅಂಕಲ್" ಎಂದು ಬಂತು.

"ಬೇಡ ಯಮುನ. ಮೇಡಂ ಬೇಡ ಅಂದ್ರು," ಎಂದು ಬಟ್ಟಲನ್ನು ಸರಿಸಿ, ಓಟ್ಸ್ ತಿಂದು ಎಸ್ಟೇಟಿಗೆ ಹೋದರು.

ನನಗೆ ಮೈಯೆಲ್ಲ ಉರಿಯಿತು. ಬಟ್ಟಲಿನದು, ಪಾತ್ರೆಯದು ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ಸುರಿದು ಪಕ್ಕದ ಮನೆಯ ಪವಿತ್ರಾಗೆ ಕೊಟ್ಟು ಬಂದೆ. ಮನೆಯಲ್ಲಿ ಒಂದು ಚಮಚವೂ ಉಳಿಸಲಿಲ್ಲ.

೬

ಮರುದಿನ ಅವರು ತಪಾಸಣೆಗೆಂದು ಬೆಳಗಿನ ಬಸ್ಸಿಗೆ ಮಡಿಕೇರಿಗೆ ಹೋದರು. ಹನ್ನೊಂದಕ್ಕೆ ನನ್ನ ಫೋನ್ ಹೊಡೆದುಕೊಂಡಿತು.

"ಆಂಟಿ, ಮೋನಿಷಾ. ಅಂಕಲ್ ಯೂರಿನ್ ಕೆಂಪಗಿದೆ. ಏನ್ ತಿಂದ್ರಿ ಅಂದ್ರೆ ನಾನು ಹೇಳಿದ್ದು ಬಿಟ್ಟು ಏನೂ ಇಲ್ಲ ಅಂತಾರೆ. ಬ್ಲಡ್ ಹೋಗ್ತಿರಬಹುದು. ಡಾಕ್ಟ್ರು ಸ್ಕ್ಯಾನ್ ಮಾಡ್ಸಿ ಅಂತಿದ್ದಾರೆ."

ಮೋನಿಷಾ ದಾವಣಗೆರೆಯವಳು, ಬಂದದ್ದು ಮಾರ್ಚಿನಲ್ಲಿ. ಆಟಿ ಕಂಡವಳಲ್ಲ. ಆ ಡಾಕ್ಟರೂ ಹೊಸಬರೇ ಇರಬೇಕು. ಇವರಿಗಾದರೂ ಬುದ್ಧಿ ಬೇಡವೇ? ಕೊಡಗಿನಲ್ಲಿ ಕದ್ದು ತಿನ್ನಲಾಗದ್ದು ಈ ಪಾಯಸವೊಂದೇ. ಬೆಳಗಾದರೆ ಅದೇ ಚಾಡಿ ಹೇಳುತ್ತದೆ.

ಅಂತೂ ತಿಂದಿದ್ದಾರೆ. ಅವಳ ಮಾತು ಮೀರಿ ತಿಂದಿದ್ದಾರೆ. ಅವರ ಹೊಟ್ಟೆಯಲ್ಲಿರುವ ಒಂದು ವಸ್ತು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ನಾಲ್ಕು ತಿಂಗಳಲ್ಲಿ ಇಷ್ಟು ಖುಷಿ ನನಗೆ ಆಗಿರಲಿಲ್ಲ. ಅದನ್ನು ಅವಳ ಜೊತೆ ಹಂಚಿಕೊಳ್ಳುವ ಮನಸ್ಸು ಬರಲಿಲ್ಲ.

"ಬೀಟ್ರೂಟಮ್ಮ," ಎಂದೆ. "ನಿನ್ನೆ ಬೀಟ್ರೂಟ್ ಪಲ್ಯ ಮಾಡಿದ್ದೆ."

"ಫೋಟೋದಲ್ಲಿ ಇರ್ಲಿಲ್ವಲ್ಲ ಆಂಟಿ?"

"ಫೋಟೋ ಆದ ಮೇಲೆ ಹಾಕಿಸಿಕೊಂಡ್ರು. ಸ್ಕ್ಯಾನ್ ಎಂತದೂ ಬೇಡ. ನಾಳೆ ಸರಿಯಾಗ್ತದೆ, ನೋಡು."

"ಅಬ್ಬಾ, ಕೈಕಾಲೇ ಆಡ್ಲಿಲ್ಲ ನಂಗೆ." ಅವಳು ನಿಜವಾಗಿಯೂ ಹೆದರಿದ್ದಳು. ನನಗೆ ಸ್ವಲ್ಪ ನಾಚಿಕೆಯಾಯಿತು. "ಬೀಟ್ರೂಟ್ ಪರ್ವಾಗಿಲ್ಲ. ಸೂಪರ್ ಆಂಟಿ."

(ಗುರುತು ಹಾಕಿಕೊಂಡಿದ್ದಿರಲ್ಲ? ಸಿಕ್ಕಿತು. ನಾನು ಮಾಡದ ಪಲ್ಯಕ್ಕೆ.)

೭

ಈಗ ಮುಕ್ತಾಯ. ಮನೆಯಲ್ಲಿ ಪಾಯಸವೇ ಇರಲಿಲ್ಲ, ಮತ್ತೆ ಎಲ್ಲಿ ತಿಂದರು?

ಮುಕ್ತಾಯ ಒಂದು: ಎಸ್ಟೇಟಿನಲ್ಲಿ. ಧಣಿಗಳ ಮನೆಯಲ್ಲಿ ಆ ದಿನ ಎಲ್ಲರಿಗೂ ಪಾಯಸ ಕೊಡುತ್ತಾರೆ. ಹಾಗಿದ್ದರೆ ನಾನು ಕೊಟ್ಟದ್ದನ್ನು ಸರಿಸಿ ಇನ್ನೊಬ್ಬರು ಕೊಟ್ಟದ್ದನ್ನು ತಿಂದರು.

ಮುಕ್ತಾಯ ಎರಡು: ಸಂಜೆ ಬರುವಾಗ ಪವಿತ್ರಾಳ ಮನೆಗೆ ನುಗ್ಗಿ, "ಅದು ನಮ್ಮ ಮನೇದಲ್ವಾ, ಸ್ವಲ್ಪ ಕೊಡು" ಎಂದು ನನ್ನ ಡಬ್ಬಿಯನ್ನೇ ಬಿಚ್ಚಿಸಿದರು. ಡಬ್ಬಿ ತೊಳೆದು ವಾಪಸು ಬಂದಿದೆ. ಪವಿತ್ರಾ "ಭಾರಿ ಒಳ್ಳೇದಿತ್ತು ಅಕ್ಕ" ಎಂದಳು, ನಕ್ಕಳು. ಆ ನಗುವಿಗೆ ಅರ್ಥ ಉಂಟೋ ಇಲ್ಲವೋ ತಿಳಿಯದು.

ನನಗೆ ಎರಡನೆಯದು ಬೇಕು. ಲೇಖಕಿ ನಾನೇ, ಬರೆದುಬಿಡಬಹುದು. ಆದರೆ ಬರೆದವಳು ನಾನೇ ಆದ್ದರಿಂದ ನನಗೇ ನಂಬಿಕೆ ಬರುವುದಿಲ್ಲ. (ಕೇಳಿಬಿಡಿ ಎನ್ನುತ್ತೀರಿ. ಕೇಳಿ ಮೊದಲನೆಯದೇ ನಿಜವಾದರೆ? ಹೊಟ್ಟೆಯುರಿಸಿಕೊಳ್ಳಲು ನನಗೆ ಮೋನಿಷಾ ಒಬ್ಬಳು ಸಾಕು.)

೮

ಒಂದೂಕಾಲು ಆಯಿತು. ನಿರಂಜನ್ ಬಂದು ನನ್ನ ಬೆನ್ನ ಹಿಂದೆ ನಿಂತು ಇದನ್ನು ಓದುತ್ತಿದ್ದಾರೆ. ಪೂರ್ತಿ ಓದಿದರು, ಬ್ರಾಕೆಟ್ ಸಮೇತ.

"ಮೇಡಮ್ಮಿಗೆ ಯಾಕೆ ಹೇಳ್ಲಿಲ್ಲ ನೀನು?"

"ನಿಮ್ಮ ತಟ್ಟೆಯೆಲ್ಲ ಅವಳಿಗೆ ಗೊತ್ತು. ಇದೊಂದಾದರೂ ನನ್ನ ಹತ್ತಿರ ಇರಲಿ ಅಂತ."

ಅವರು ಕುರ್ಚಿ ಎಳೆದು ಕೂತರು. ತಟ್ಟೆ ಮುಂದಿತ್ತು, ಫೋನ್ ಪಕ್ಕದಲ್ಲಿತ್ತು.

"ನಾನು ಎಲ್ಲಿ ತಿಂದದ್ದು ಗೊತ್ತುಂಟಾ ನಿಂಗೆ? ಅದು..."

ಆ ತೆರೆದ ಬಾಯಿಗೆ ನಾನು ಒಂದು ತುತ್ತು ಇಟ್ಟೆ. ಫೋಟೋ ಇನ್ನೂ ತೆಗೆದಿರಲಿಲ್ಲ.